ಸೂಲಗಿತ್ತಿಯ ಬಾಯಿ ಬಿಡಿಸಿದ್ದು

ಮಾರ್ಚ್ 3, ಭಾನುವಾರ

ಹಳೆಯ ಹಸ್ತಪ್ರತಿ ಪರೀಕ್ಷಿಸುವ ನಮ್ಮ ಲ್ಯಾಬಿನ ಹೀಟರ್ ಮತ್ತೆ ಕೆಟ್ಟಿದೆ. ಕೋಟು ಹಾಕಿಕೊಂಡೇ ಕೆಲಸ. ಯಿಗಾಲ್‌ನಿಂದ ಮೆಸೇಜು — ಮೊದಲ ಅಧ್ಯಾಯ ಎಲ್ಲಿ? ನಮ್ಮ ಯೆಹೂದಿ ಹಸ್ತಪ್ರತಿಗಳ ಬಗ್ಗೆ ಏನೂ ಗೊತ್ತಿಲ್ಲದವರಿಗಾಗಿ ಒಂದು ಪುಟ್ಟ ಪುಸ್ತಕ. ಬರೆಯುತ್ತೇನೆ ಎಂದು ಒಪ್ಪಿಕೊಂಡು ವರ್ಷವಾಯಿತು. "ನಮ್ಮತ್ತೆಗೆ ಅರ್ಥ ಆಗೋ ಹಾಗೆ ಬರಿ, ಸಾಕು" ಅನ್ನುತ್ತಾನೆ ಈ ಪ್ರಕಾಶಕ. ಅವನ ಅತ್ತೆಯನ್ನು ನೋಡಿದ್ದೇನೆ. ಆಕೆಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ, ಅದೇ ತೊಂದರೆ.

ನಾಲ್ಕು ಸಾಲು ಬರೆದೆ. "ಚರ್ಮದ ಹಾಳೆಗೆ ಎರಡು ಮುಖ. ಕೂದಲಿದ್ದ ಕಡೆ ಕಂದು, ಮಾಂಸವಿದ್ದ ಕಡೆ ಬಿಳುಪು. ಬರೆಯುವವನು ಮೊಂಡು ಮೊನೆಯಿಂದ ಗೆರೆ ಗೀರುತ್ತಾನೆ, ಆಮೇಲೆ ಅಕ್ಷರಗಳನ್ನು ಗೆರೆಯ ಮೇಲೆ ಕೂರಿಸುವುದಿಲ್ಲ, ಗೆರೆಯಿಂದ ಇಳಿಬಿಡುತ್ತಾನೆ." ಓದಿದೆ. ಹೊಡೆದು ಹಾಕಿದೆ.

ನಿಜವಾಗಿ ಮನಸ್ಸೆಲ್ಲ ಬೇರೆ ಕಡೆ. ಸೂಲಗಿತ್ತಿ ನನ್ನ ಮೇಜಿನ ಮೇಲಿದ್ದಾಳೆ!

ಮನೆಯಲ್ಲಿ ಎಲ್ಲರೂ ಕರೆಯುವುದು ಹಾಗೆಯೇ. ಗೇಣುದ್ದದ ಬೆಳ್ಳಿ ಕೊಳವೆ, ಒಳಗೆ ಸುರುಳಿ ಸುತ್ತಿದ ಚರ್ಮದ ಹಾಳೆ. ಅಮ್ಮನ ಅಜ್ಜಿ ಕುರ್ದಿಸ್ತಾನದ ಅಮಾದಿಯಾದಿಂದ ಸೊಂಟಕ್ಕೆ ಕಟ್ಟಿಕೊಂಡು ತಂದದ್ದು. ನಮ್ಮ ಮನೆಯ ಎಲ್ಲ ಹೆರಿಗೆಯಲ್ಲೂ ಅದು ತಲೆದಿಂಬಿನ ಕೆಳಗೆ. ನಾನು ಹುಟ್ಟುವಾಗ ಇತ್ತು, ತಂಗಿ ಶೂಲಾ ಹುಟ್ಟುವಾಗ ಇತ್ತು. ಯಾರೂ ತೆರೆದು ನೋಡಿದವರಲ್ಲ. ನೋವು ಶುರುವಾದಾಗ ಅಮ್ಮ ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಾಳೆ. ಒಳಗಿನಿಂದ ಕಟಕಟ ಸದ್ದು ಬಂದರೆ ಸೂಲಗಿತ್ತಿ ಎಚ್ಚರವಾಗಿದ್ದಾಳೆ ಎಂದು ಅರ್ಥ.

ಡಿಸೆಂಬರಿನ ಹನುಕ್ಕಾ ಹಬ್ಬದಲ್ಲಿ ಅಮ್ಮನ ಕೈಜಾರಿ ಕೊಳವೆಯ ಮುಚ್ಚಳ ಸಡಿಲವಾಯಿತು. ಹಾಳೆಯ ಒಂದು ಮೂಲೆ ಇಣುಕಿತು. ಮೂರೇ ಅಕ್ಷರ. ಅಕ್ಷರದ ಆಕಾರ ನೋಡಿದರೇ ಗೊತ್ತಾಯಿತು. ಸಾವಿರ ವರ್ಷದ ಬರವಣಿಗೆ... ಅವತ್ತಿನಿಂದ ಅಮ್ಮನ ಬೆನ್ನು ಹತ್ತಿದೆ. ಕೊನೆಗೆ ಮೊನ್ನೆ ಕೊಟ್ಟಳು.

"ಮುಂದಿನ ತಿಂಗಳು ಪೇಸಖ್ ಹಬ್ಬಕ್ಕೆ ಮುಂಚೆ ವಾಪಸ್ ಬರ್ಬೇಕು ಅಸ್ನತ್. ನಿನ್ನ ತಂಗಿಗೆ ಏಳನೇ ತಿಂಗಳು. ತಿಳೀತಾ?"

"ತಿಳೀತಮ್ಮ."

"ತಿಳಿದ್ರೆ ಸರಿ. ನಿನ್ನ ಹಾಳೆ ಹುಚ್ಚು ನಂಗೊತ್ತಿಲ್ವಾ."

ಶೂಲಾಗೆ ನಲವತ್ತು. ಈ ಮೊದಲು ಮೂರು ಬಸಿರು ಹೋದವು, ಮೂರೂ ಐದು ತಿಂಗಳು ತುಂಬುವ ಮುಂಚೆ. ಸೂಲಗಿತ್ತಿಯ ಸರದಿ ಬರಲೇ ಇಲ್ಲ ಎಂದು ಅಮ್ಮ ಸಮಾಧಾನ ಹೇಳಿಕೊಳ್ಳುತ್ತಾಳೆ. ಈ ಸಲ ಬರುತ್ತದೆ.

ಮಾರ್ಚ್ 5, ಮಂಗಳವಾರ

ಫಾಯಿನಾ ಸುರುಳಿಯನ್ನು ತೇವದ ಪೆಟ್ಟಿಗೆಗೆ ಇಟ್ಟರು. ಒಣಗಿದ ಚರ್ಮ ಒಣಕಟ್ಟಿಗೆಯಷ್ಟು ಬಿರುಸು, ಬಲವಂತವಾಗಿ ಬಿಚ್ಚಿದರೆ ಚೂರು. ಪೆಟ್ಟಿಗೆಯೊಳಗೆ ನೀರಿನ ಹಬೆ ಮಾತ್ರ, ಹನಿ ತಾಕಬಾರದು. ದಿನ ದಿನ ಇಷ್ಟಿಷ್ಟೇ ಮೆತ್ತಗಾಗುತ್ತದೆ. ಆಮೇಲೆ ಬಿಚ್ಚಿ, ಉಣ್ಣೆಬಟ್ಟೆಗಳ ನಡುವೆ ಇಟ್ಟು, ಮೇಲೆ ತೂಕ ಹೇರಿ ವಾರಗಟ್ಟಲೆ ಒಣಗಿಸಬೇಕು. ನಡುವೆ ತೆಗೆದರೆ ಕುಗ್ಗುತ್ತದೆ, ಮಸಿ ಹೊಪ್ಪಳಿಕೆ ಏಳುತ್ತದೆ.

ಫಾಯಿನಾ ಈ ಲ್ಯಾಬಿನ ಯಜಮಾನಿ. ರಷ್ಯಾದ ಲೆನಿನ್‌ಗ್ರಾದಿನವರು. ಹಾಳೆಯ ಮೇಲೆ ಯಾರಾದರೂ ಉಸಿರುಬಿಟ್ಟರೂ ಬೈಯುತ್ತಾರೆ. ಪೆಟ್ಟಿಗೆ ಇಣುಕಲು ಹೋದೆ, ಕೈಗೊಂದು ಏಟು ಬಿತ್ತು.

"ಎಷ್ಟು ಸಲ ನೋಡ್ತೀಯೇ? ಹಾಲು ಕಾಯಿಸ್ತಿದೀಯಾ, ಉಕ್ಕಿಬಿಡುತ್ತೆ ಅನ್ನೋಕೆ?"

"ಒಂದೇ ಒಂದು ಸಲ ಫಾಯಿನಾ."

"ಸಾವಿರ ವರ್ಷ ಕಾದಿದೆ ಅದು. ನಿಂಗೆ ಐದು ದಿನ ಆಗಲ್ವಾ, ಅಮ್ಮಣ್ಣಿ?"

ಆಗುವುದಿಲ್ಲ. ಅಂಚಿನ ಹೊಲಿಗೆ ತೂತುಗಳನ್ನು ಲೆನ್ಸಿನಲ್ಲಿ ನೋಡಿದ್ದೇನೆ. ಉತ್ತರದ ಒಂದು ದೇಶದ ಗ್ರಂಥಾಲಯದಲ್ಲಿ ಇದೇ ಕೈಯ ಬರವಣಿಗೆಯ ಹಾಳೆಗಳಿವೆ, ಫೋಟೋ ನನ್ನಲ್ಲಿದೆ. ತೂತಿಗೆ ತೂತು ಕೂಡುತ್ತದೆ. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಸುಖ ಇಲ್ಲ. ಒಂದೇ ಪುಸ್ತಕದ ಮಕ್ಕಳು ಒಂದೊಂದು ದೇಶದಲ್ಲಿ, ಅವುಗಳನ್ನು ಕೂಡಿಸುವುದು. ಯಿಗಾಲ್‌ನ ಅತ್ತೆಗೆ ಇದನ್ನೇ ಹೇಳಬೇಕು.

ಅಮ್ಮನ ಫೋನ್ ದಿನಾ ಸಂಜೆ. "ಚೆನ್ನಾಗಿದಾಳಾ?" ಅನ್ನುತ್ತಾಳೆ. ಶೂಲಾ ಬಗ್ಗೆಯಲ್ಲ, ಹಾಳೆಯ ಬಗ್ಗೆ.

ಮಾರ್ಚ್ 10, ಭಾನುವಾರ

ಬಿಚ್ಚಿತು.

ಒಳಮುಖ ಮೊನ್ನೆ ಬರೆದ ಹಾಗಿದೆ. ಪದ್ಯದ ಹಾಗೆ ಎರಡು ಅಂಕಣಗಳಲ್ಲಿ, ಓದಲು ನೆರವಾಗುವ ಸ್ವರದ ಚುಕ್ಕಿಗಳೂ ಇವೆ. ಚುಕ್ಕಿ ಇಟ್ಟವನು ಬೇರೆ, ಅವನ ಮಸಿ ಸ್ವಲ್ಪ ಕೆಂಪು. ನಾವು ದಿನಾ ಆಡುವ ಭಾಷೆಯೇ, ಇಲ್ಲಿ ಶಾಲೆಗೆ ಹೋದ ಯಾರು ಬೇಕಾದರೂ ಓದಬಹುದು. ಓದಿದೆ.

ಓದಬಾರದಿತ್ತು.

ಹರಕೆಯಲ್ಲ, ಆಶೀರ್ವಾದವಲ್ಲ. ನಮ್ಮ ಧರ್ಮಗ್ರಂಥದಲ್ಲಿ ಆಸ್ತಿ ಮಕ್ಕಳು ಎಲ್ಲ ಹೋಗಿ, ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕೂತಿರುತ್ತಾನಲ್ಲ ಆ ಮನುಷ್ಯ — ಅವನು ಬಾಯಿ ತೆರೆದು ತಾನು ಹುಟ್ಟಿದ ದಿನಕ್ಕೇ ಶಾಪ ಹಾಕುವ ಭಾಗ. ಆ ದಿನವನ್ನು ಕತ್ತಲು ನುಂಗಬೇಕಿತ್ತಂತೆ. ಹೆತ್ತವಳ ಬಸಿರು ಬಾಗಿಲು ಹಾಕಿಕೊಳ್ಳಬೇಕಿತ್ತಂತೆ. ಬಿದ್ದುಹೋದ ಪಿಂಡದ ಹಾಗೆ ತಾನೂ ಬೆಳಕು ಕಾಣದೆ ಹೋಗಬೇಕಿತ್ತಂತೆ.

ಇದನ್ನು ಹೆರುವವರ ತಲೆಯ ಕೆಳಗೆ ಇಟ್ಟಿದ್ದೇವೆ. ಅಜ್ಜಿಯ ಅಜ್ಜಿಯ ಕಾಲದಿಂದ.

ಹೇಗಾಗಿರಬಹುದೋ ಊಹಿಸಬಲ್ಲೆ. ಪುಸ್ತಕ ಹರಿದಿತ್ತು. ಪವಿತ್ರ ಅಕ್ಷರವನ್ನು ಎಸೆಯುವಂತಿಲ್ಲ, ಸತ್ತವರ ಹಾಗೆ ಹೂಳಬೇಕು. ಹೂಳುವ ಮುಂಚೆ ಓದು ಅಷ್ಟಕ್ಕಷ್ಟೇ ಬಲ್ಲ ಯಾರೋ 'ಬಸಿರು', 'ಮೊಲೆ', 'ಮಡಿಲು' ಎಂಬ ಮಾತುಗಳನ್ನು ಕಂಡಿದ್ದಾನೆ. ಓಹೋ, ಹೆರಿಗೆಯ ಮಂತ್ರ ಎಂದು ಎತ್ತಿಟ್ಟಿದ್ದಾನೆ. ಪುಣ್ಯಾತ್ಮ.

ಫಾಯಿನಾಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಮನೇಲಿ ಹೇಳ್ಬೇಡ."

"ಹಾಳೆ ವಾಪಸ್ ಕೊಡ್ಬೇಕಲ್ಲ. ಬಿಚ್ಚಿದ್ದನ್ನ ಮತ್ತೆ ಸುತ್ತೋಕಾಗುತ್ತಾ?"

"ಸುತ್ತಿದ್ರೆ ಪುಡಿ."

"ಮತ್ತೆ?"

"ಮತ್ತೆ ಏನು ಮತ್ತೆ. ತೂಕ ಹೇರಿ ಒಣಗ್ಸೋಣ. ಇನ್ನೂ ಟೈಮಿದೆ."

ಇರಲಾರದವಳು ಇರುವೆ ಬಿಟ್ಟುಕೊಂಡಳು ಅಂತಾರಲ್ಲ, ಅದು ನಾನೇ. ತಲೆಮಾರುಗಳಿಂದ ಕಟಕಟ ಎನ್ನುತ್ತ ಯಾರಿಗೂ ಕೆಡುಕು ಮಾಡದೆ ಇತ್ತು. ಫೋಟೋ ತೆಗೆದೆವು, ತೂಕದ ಕೆಳಗೆ ಇಟ್ಟೆವು.

ಮಾರ್ಚ್ 11, ಸೋಮವಾರ

ಶೂಲಾಗೆ ರಕ್ತ ಕಾಣಿಸಿಕೊಂಡಿದೆ. ಆಸ್ಪತ್ರೆಗೆ ಸೇರಿಸಿದ್ದಾರೆ. ಎದ್ದೇಳುವಂತಿಲ್ಲ, ಮಲಗಿಯೇ ಇರಬೇಕು. ಹೋಗಿದ್ದೆ. ಅವಳ ಗಂಡ ಗಿದೋನ್ ಕಾರಿಡಾರಿನಲ್ಲಿ ಪ್ರಾರ್ಥನೆ ಪುಸ್ತಕ ಹಿಡಿದು ನಿಂತಿದ್ದ, ಪುಟ ತಿರುಗಿಸುತ್ತಿರಲಿಲ್ಲ. ಅಮ್ಮ ಹುಳಿ ಸಾರಿನಲ್ಲಿ ಬೇಯಿಸಿದ ಮಾಂಸದ ಕಡುಬು, ಕುಬ್ಬೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಶೂಲಾ ನಗುನಗುತ್ತಲೇ ಇದ್ದಳು. ಹೆದರಿದಾಗಲೇ ಅವಳು ಹೆಚ್ಚು ನಗುವುದು.

"ಅಕ್ಕ, ಸೂಲಗಿತ್ತಿನ ಬಿಚ್ಚಿದ್ರಾ? ಏನು ಬರ್ದಿದೆ?"

"ಇನ್ನೂ... ಪೂರ್ತಿ ಓದಿಲ್ಲ."

"ಸುಳ್ಳಿ. ನೀನು ಬಸ್ ಟಿಕೆಟ್ ಕೂಡ ಪೂರ್ತಿ ಓದ್ದೆ ಬಿಡೋಳಲ್ಲ."

"ಒಳ್ಳೇದೇ ಬರ್ದಿದೆ. ಹೆರಿಗೆ ವಿಷಯಾನೇ."

ಅಮ್ಮ ಕಣ್ಣು ಮುಚ್ಚಿ ತನ್ನ ಬೆರಳುಗಳಿಗೆ ಮುತ್ತಿಟ್ಟಳು. "ನೋಡಿದ್ಯಾ? ನಮ್ಮೋರೇನು ದಡ್ಡರಲ್ಲ."

ಬಸ್ಸಿನಲ್ಲಿ ಅತ್ತುಬಿಟ್ಟೆ. ಪಕ್ಕದ ಹೆಂಗಸು ಕೇಳದೆಯೇ ಟಿಶ್ಯೂ ಕೊಟ್ಟಳು, ಜೊತೆಗೆ ಗಂಡನನ್ನು ಬಿಟ್ಟುಬಿಡು ಎಂಬ ಸಲಹೆ.

ಮಾರ್ಚ್ 14, ಗುರುವಾರ

ಫಾಯಿನಾ ಬಾಗಿಲು ಹಾಕಿಕೊಂಡು ಒಳಗೆ ಕರೆದರು. ಮೇಜಿನ ಮೇಲೆ ಬೆಳ್ಳಿ ಕೊಳವೆ. ಅಲ್ಲಾಡಿಸಿದರು. ಕಟಕಟ.

"ಹೊಸ ಚರ್ಮದ ತುಂಡು. ಒಲೆ ಹತ್ರ ಇಟ್ಟು ಬಿರುಸು ಮಾಡ್ದೆ. ಮುಚ್ಚಳಾನೂ ಬಿಗಿಮಾಡಿದೀನಿ. ಇದನ್ನ ಕೊಟ್ಟುಬಿಡು."

"ನಕಲೀನಾ?"

"ಹೆರಿಗೆ ಆದ್ಮೇಲೆ ನಿಜ ಹೇಳು. ಇಲ್ಲ ಯಾವತ್ತೂ ಹೇಳ್ಬೇಡ. ನಿಮ್ಮಮ್ಮ ಕೇಳ್ಸಿಕೊಳ್ಳೋದು ಸದ್ದನ್ನ ಕಣೇ, ಅಕ್ಷರಾನಲ್ಲ."

ಮುಖ ಬಿಸಿಯಾಯಿತು. ಇಪ್ಪತ್ತು ವರ್ಷದಿಂದ ನಾನು ಮಾಡುತ್ತಿರುವ ಕೆಲಸವೇ ಅಸಲು ಯಾವುದು ನಕಲು ಯಾವುದು ಹೇಳುವುದು. ನಕಲಿ ಮಾಡಿದವರನ್ನು ಕೋರ್ಟಿನ ಕಟಕಟೆ ಹತ್ತಿಸಿದ್ದೇನೆ. ಈಗ ಹೆತ್ತ ತಾಯಿಗೇ... ಆದರೂ ಕೊಳವೆಯನ್ನು ಬ್ಯಾಗಿಗೆ ಹಾಕಿಕೊಂಡೆ. ಬೇಡ ಎನ್ನುವ ಧೈರ್ಯವೂ ಇಲ್ಲ.

ಪುಸ್ತಕಕ್ಕೆ ಒಂದು ಸಾಲೂ ಇಲ್ಲ. ಯಿಗಾಲ್‌ನ ಫೋನ್ ಎತ್ತಲಿಲ್ಲ.

ಮಾರ್ಚ್ 15, ಶುಕ್ರವಾರ

ಮಧ್ಯಾಹ್ನ ಮಾರುಕಟ್ಟೆ. ಸಂಜೆಯಿಂದ ನಾಳೆ ನಕ್ಷತ್ರ ಮೂಡುವವರೆಗೆ ಶಬ್ಬಾತ್, ಯಾವ ಕೆಲಸವೂ ಕೂಡದ ದಿನ; ಎಲ್ಲರೂ ಅದಕ್ಕಾಗಿ ಬ್ರೆಡ್ಡು, ಹೂವು ಹೊತ್ತುಕೊಂಡು ಓಡುತ್ತಿದ್ದರು. ನಾನೂ ಬ್ರೆಡ್ಡು ಕೊಂಡೆ, ಯಾರಿಗೆ ಎಂದು ಗೊತ್ತಿಲ್ಲ. ಶಬ್ಬಾತ್ ಶುರುವಾಗುವ ಸೈರನ್ ಕೂಗಿತು. ಅಮ್ಮ ಆಸ್ಪತ್ರೆಯಲ್ಲೇ ಉಳಿದಿದ್ದಾಳೆ. ನಾನು ಶಬ್ಬಾತ್ ಹಿಡಿಯುವವಳಲ್ಲ, ಆದರೂ ಅಮ್ಮನ ಸಮಾಧಾನಕ್ಕೆ ಎರಡು ದೀಪ ಹಚ್ಚಿದೆ. ಸೂಪು ಬಿಸಿಗಿಟ್ಟು ಇದನ್ನು ಬರೆಯುತ್ತಿದ್ದೇನೆ. ಫೋ

ಮಾರ್ಚ್ 16, ಶನಿವಾರ. ಆಸ್ಪತ್ರೆಯ ಕಾರಿಡಾರ್

ಬರೆಯದಿದ್ದರೆ ತಲೆ ಸಿಡಿದುಹೋಗುತ್ತದೆ. ನಿನ್ನೆಯಿಂದ ಕ್ರಮವಾಗಿ.

ಫೋನ್ ಮಾಡಿದ್ದು ಅಮ್ಮ. ನನ್ನ ಅಮ್ಮ — ಶಬ್ಬಾತ್ ದಿನ ಲೈಟಿನ ಸ್ವಿಚ್ ಮುಟ್ಟದವಳು, ಅಪ್ಪನ ಕೊನೆ ದಿನಗಳಲ್ಲೂ ಪಕ್ಕದ ಮನೆಯ ಅರಬ್ ಹುಡುಗಿಯಿಂದ ಡಾಕ್ಟರಿಗೆ ಫೋನ್ ಮಾಡಿಸಿದವಳು.

"ಅಸ್ನತ್. ನೋವು ಶುರುವಾಗಿದೆ."

"ಅಮ್ಮ... ನೀನು ಫೋನಲ್ಲಿ—"

"ಬಿಡು ಅದನ್ನ. ಕಣ್ಣಿಲ್ಲದೋಳು ಹೆರ್ತಿದ್ರೂ ಶಬ್ಬಾತ್ ದಿನ ದೀಪ ಹಚ್ಚಿ ಅಂತ ಹಿರಿಯೋರೇ ಹೇಳಿದಾರೆ. ಅವಳಿಗೇನು ದೀಪ ಕಾಣುತ್ತಾ? ಕಾಣಲ್ಲ. ಆದ್ರೂ ದೀಪ ಇದೆ ಅನ್ನೋ ಧೈರ್ಯ. ನಿನ್ನ ತಂಗಿ ಸೂಲಗಿತ್ತಿನ ಕೇಳ್ತಿದಾಳೆ. ತಗೊಂಡು ಬಾ."

"ಅದು ಒಣಗ್ತಾ ಇದೆಯಮ್ಮ, ಈಗ ತೆಗೆದ್ರೆ ಒಡೆಯುತ್ತೆ."

"ಒಡೀಲಿ! ಇಲ್ಲಿ ನನ್ನ ಮಗಳು ಒಡೆದು ಹೋಗ್ತಿದಾಳೆ."

ಬ್ಯಾಗಿನಲ್ಲಿ ಕೊಳವೆ ಇತ್ತು. ಅಷ್ಟನ್ನೇ ಒಯ್ದಿದ್ದರೆ ಸಾಕಿತ್ತು. ಕೈಗೂ ತೆಗೆದುಕೊಂಡೆ. ಕಟಕಟ. ಅಮ್ಮ ಕಿವಿಗೆ ಹಿಡಿಯುವುದು, ಶೂಲಾ ನನ್ನ ಮುಖ ನೋಡುವುದು ಕಣ್ಣ ಮುಂದೆ ಬಂತು. ಆಗಲಿಲ್ಲ. ಕೊಳವೆಯನ್ನು ಮೇಜಿನ ಮೇಲೆ ಬಿಟ್ಟು ಫಾಯಿನಾಗೆ ಫೋನ್ ಮಾಡಿದೆ. ಒಳ್ಳೆಯತನ ಎಂದುಕೊಂಡೆ. ಒಳ್ಳೆಯತನವಲ್ಲ, ಜಂಬ. ನನ್ನ ಕೈಯಿಂದ ನಕಲಿ ಹೋಗಬಾರದು ಎಂಬ ಜಂಬ.

ಫಾಯಿನಾ ಮನೆಯೊಳಗಿನ ಚಪ್ಪಲಿಯಲ್ಲೇ ಬಂದರು, ಕಾರು ಓಡಿಸಿದರು. ಲ್ಯಾಬಿನಲ್ಲಿ ತೂಕಗಳನ್ನು ಇಳಿಸಿದರು. ಉಣ್ಣೆಬಟ್ಟೆ ಎತ್ತಿದಾಗ ಹಾಳೆಯ ಕೆಳಭಾಗ ಅದಕ್ಕೆ ಅಂಟಿಕೊಂಡಿತ್ತು. ಒಂದು ಸಾಲಿನ ಮಸಿ ಬಟ್ಟೆಗೆ ಹೋಯಿತು. ಅವರ ಮುಖ ನೋಡಲಾಗಲಿಲ್ಲ. ಎರಡು ರಟ್ಟಿನ ನಡುವೆ ಇಟ್ಟು ನನ್ನ ಕೈಗೆ ಕೊಟ್ಟರು.

"ತಗೊಂಡು ಹೋಗು. ಮತ್ತೆ ಕೇಳ್ತೀನಿ, ಆ ಕೊಳವೆ ಆಗಲ್ವಾ?"

"ಆಗಲ್ಲ."

"ಕತ್ತೆ" ಎಂದರು. ಕಣ್ಣಲ್ಲಿ ನೀರು.

ಹೆರಿಗೆ ಕೋಣೆ. ಶೂಲಾ ಬೆವರಲ್ಲಿ ಮುಳುಗಿದ್ದಳು. ಅಮ್ಮ ಕೈ ಚಾಚಿದಳು, ಕೊಳವೆಗಾಗಿ. ನಾನು ರಟ್ಟು ಬಿಚ್ಚಿದೆ.

"ಇದೇನಿದು?"

"ಇದೇ ಅಮ್ಮ. ಇದೇ ಸೂಲಗಿತ್ತಿ."

"ಬಟ್ಟೆ ಬಿಚ್ಚಿ ನಿಲ್ಸಿದ ಹಾಗಿದೆಯಲ್ಲೇ" ಎಂದಳು ಅಮ್ಮ.

"ಕೊಡಿಲ್ಲಿ, ನಾನು ನೋಡ್ತೀನಿ" ಎಂದಳು ಶೂಲಾ. ನಾನು ದಿಂಬಿನ ಕೆಳಗೆ ತುರುಕಲು ಹೋದೆ. ಅವಳು ನನ್ನ ಮಣಿಕಟ್ಟು ಹಿಡಿದಳು. ಹೆರುವವಳ ಹಿಡಿತ, ಬಿಡಿಸಿಕೊಳ್ಳಲಾಗಲಿಲ್ಲ. ಓದತೊಡಗಿದಳು. ಮೊದಲು ತುಟಿಯಲ್ಲಿ. ಆಮೇಲೆ ದೊಡ್ಡದಾಗಿ. ಇನ್ನೊಂದು ನೋವು ಬಂತು. ನಿಲ್ಲಿಸಲಿಲ್ಲ, ನೋವಿನ ಮೇಲೆಯೇ ಓದಿದಳು, ಕಿರುಚುತ್ತ. ದಿನಕ್ಕೆ ಶಾಪ, ರಾತ್ರಿಗೆ ಶಾಪ, ಹೆತ್ತ ಬಸಿರಿಗೆ ಶಾಪ. ನರ್ಸ್ ಬಾಯಿಬಿಟ್ಟುಕೊಂಡು ನಿಂತಿದ್ದಳು.

ನೋವು ಇಳಿಯಿತು. ಶೂಲಾ ನಗುತ್ತಿದ್ದಳು. ಈ ಸಲ ನಿಜವಾದ ನಗು.

"ಅಕ್ಕ! ನೋವು ಶುರುವಾದಾಗಿಂದ ನಾನು ಹೇಳ್ತಿರೋದೂ ಇದನ್ನೇ ಅಲ್ವೇನೇ! ಹುಟ್ಟಿದ ದಿನ ಹಾಳಾಗ್ಹೋಗ್ಲಿ ಅಂತ! ನನ್ನ ಥರಾನೇ ಬೈದಿದಾನೆ ಮಹಾರಾಯ... ದಿಂಬಿನ ಕೆಳಗೆ ಇಡು. ಇಡೇ."

ಅಮ್ಮ ಕಿತ್ತುಕೊಂಡಳು. ಅಮ್ಮನ ಮುಖವನ್ನು ಹಾಗೆ ಯಾವತ್ತೂ ನೋಡಿರಲಿಲ್ಲ. ಹಾಳೆಯನ್ನು ನನ್ನ ಎದೆಗೆ ಒತ್ತಿ, ನನ್ನನ್ನು ಬಾಗಿಲಿನಿಂದ ಆಚೆಗೆ ತಳ್ಳಿದಳು. ಒಳಗಿನಿಂದ ಶೂಲಾ, "ಬೇಕು, ಅಮ್ಮ, ನಂಗದು ಬೇಕು!" ಆಮೇಲೆ ಯಂತ್ರ ಕೂಗಿತು. ಮಗುವಿನ ಎದೆಬಡಿತ ಇಳಿದಿದೆಯಂತೆ. ಎಲ್ಲರೂ ಓಡಿದರು. ಆಪರೇಷನ್.

ಹೆಣ್ಣು. ಸಕ್ಕರೆ ಪೊಟ್ಟಣದಷ್ಟೂ ತೂಕವಿಲ್ಲ. ಅಳಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಒಯ್ದರು.

ಅಮ್ಮ ಕಾರಿಡಾರಿಗೆ ಬಂದು ನನ್ನ ಮುಂದೆ ನಿಂತಳು. ಮೆತ್ತಗೆ ಮಾತಾಡಿದಳು, ಅದೇ ಭಯ ಹುಟ್ಟಿಸಿತು.

"ಬಾಯಿ ಮುಚ್ಕೊಂಡಿದ್ದೋಳ ಬಾಯಿ ಬಿಡಿಸ್ದೆ ನೀನು. ಅವಳು ಸುಮ್ನಿದ್ದಷ್ಟು ದಿನ ನಮ್ಮೋಳಾಗಿದ್ಲು."

"ಅಮ್ಮ, ಅದು ಮೊದ್ಲಿಂದಾನೂ ಅದೇ ಬರಹ. ನಾನೇನೂ—"

"ಗೊತ್ತಿದ್ದೂ ತಂದೆ. ಗೊತ್ತಿದ್ದೂ 'ಒಳ್ಳೇದೇ ಬರ್ದಿದೆ' ಅಂದೆ. ಇನ್ನು ನನ್ನ ಹತ್ರ ಮಾತಾಡ್ಬೇಡ."

ತಿರುಗಿ ನೋಡದೆ ಹೋದಳು.

ಮಾರ್ಚ್ 18, ಸೋಮವಾರ

ಮಗು ಇದೆ. ಉಸಿರನ್ನು ಯಂತ್ರ ಆಡಿಸುತ್ತಿದೆ.

ಅಮ್ಮ ಮಾತಾಡುವುದಿಲ್ಲ. ನಾನು ಹೋದರೆ ಎದ್ದು ಆಚೆ ಕಿಟಕಿಗೆ ಹೋಗುತ್ತಾಳೆ. ಫೋನ್ ಎತ್ತುವುದಿಲ್ಲ. ದಿನಾ ಸಂಜೆ ಬರುತ್ತಿದ್ದ ಫೋನ್ ಇಲ್ಲ. ಅದಿಲ್ಲದ ಸಂಜೆ ಕಳೆಯುವುದು ಹೇಗೆಂದು ಗೊತ್ತಾಗುತ್ತಿಲ್ಲ.

ನಕಲಿ ಕೊಳವೆ ಇನ್ನೂ ಮೇಜಿನ ಮೇಲಿದೆ. ಕಟಕಟ. ಇಷ್ಟೇ ಸಾಕಿತ್ತಲ್ಲ ದೇವರೇ, ಇಷ್ಟೇ ಸಾಕಿತ್ತು.

ಮಾರ್ಚ್ 19, ಮಂಗಳವಾರ

ಫಾಯಿನಾ ನೋಡಲು ಬಂದರು. ಗಾಜಿನಾಚೆ ನಿಂತು ಮಗುವನ್ನಲ್ಲ, ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ನೋಡಿದರು. ತೇವ ಎಷ್ಟು, ಬಿಸಿ ಎಷ್ಟು.

"ತೇವ ಸರಿಯಾಗಿ ಇಟ್ಟಿದಾರೆ. ಇವರಿಗೆ ಕೆಲಸ ಗೊತ್ತು."

"ಬದುಕುತ್ತಾ ಫಾಯಿನಾ?"

"ನಂಗೆ ಚರ್ಮ ಗೊತ್ತು ಕಣೇ, ಮಕ್ಕಳು ಗೊತ್ತಿಲ್ಲ. ಆತುರ ಮಾಡ್ಬಾರ್ದು. ಅಷ್ಟು ಹೇಳ್ಬಲ್ಲೆ."

ನನ್ನ ಕೈ ಹಿಡಿದುಕೊಂಡು ನಿಂತಿದ್ದರು. ಅವರ ಬೆರಳುಗಳಲ್ಲಿ ಅಂಟಿನ ವಾಸನೆ. ನಾಚಿಕೆ ಬಿಟ್ಟು ಅತ್ತೆ.

ಮಾರ್ಚ್ 20, ಬುಧವಾರ

ಶೂಲಾಳ ಮೆಸೇಜು: "ಅಕ್ಕ, ಹಾಳೆ ತಂದು ಕೊಡು. ಅಮ್ಮ ಬಿಡ್ತಿಲ್ಲ. ಇಲ್ಲಿ ಎಲ್ರೂ ಪಿಸುಗುಡ್ತಾರೆ, ಮಗು ಆಗ್ಲೇ ಸತ್ತಿರೋ ಹಾಗೆ. ಯಾರಾದ್ರೂ ಒಬ್ಬರು ಜೋರಾಗಿ ಕಿರುಚಿದ್ದು ಅವಳಿಗೆ ಕೇಳಿಸ್ಬೇಕು. ನಾನು ಓದಿ ಹೇಳ್ತೀನಿ."

ಹಾಳೆ ತೆಗೆದುಕೊಂಡು ಹೋದೆ. ಅಮ್ಮ ವಾರ್ಡಿನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ರಟ್ಟನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಎದ್ದು ಬಾಗಿಲಿಗೆ ಅಡ್ಡ ನಿಂತಳು. ಎಪ್ಪತ್ತಾರು ವರ್ಷದ ಕುಳ್ಳಿ. ನಾನು ದಾಟಿಕೊಂಡು ಹೋಗಬಹುದಿತ್ತು.

ವಾಪಸ್ ಬಂದೆ.

ಮಾರ್ಚ್ 22, ಶುಕ್ರವಾರ

ಊರಿಗೆಲ್ಲ ಪೂರಿಂ ಹಬ್ಬ. ಬೀದಿ ತುಂಬ ರಾಜ ರಾಣಿ ವೇಷದ ಮಕ್ಕಳು, ಗಿರಗಟ್ಟೆ ಸದ್ದು, ಕುಡಿದ ಗಂಡಸರು. ಒಬ್ಬ ಹುಲಿ ನನಗೆ ಮಿಠಾಯಿ ಕೊಟ್ಟು ಹೋಯಿತು.

ಮಗುವಿನ ರಕ್ತಕ್ಕೆ ಸೋಂಕು ತಗುಲಿದೆ. ಮಧ್ಯಾಹ್ನ ಡಾಕ್ಟರ್ ಹೇಳಿದರಂತೆ — ಇವತ್ತು ರಾತ್ರಿ, ನಾಳೆ ಹಗಲು. ಅದು ದಾಟಿದರೆ ನೋಡೋಣ.

ಗಿದೋನ್ ಕೆಳಗೆ ಗೇಟಿನವರೆಗೆ ಬಂದ. ಒಳಗೆ ಅಪ್ಪ, ಅಮ್ಮ, ಅಜ್ಜಿ, ಮೂವರಿಗೇ ಅವಕಾಶ. ನನಗಿಲ್ಲ.

"ಅತ್ತಿಗೆ, ಸಂಜೆಯಿಂದ ಶಬ್ಬಾತ್. ನಾವು ಫೋನ್ ಮುಟ್ಟಲ್ಲ. ಮಗೂಗೆ ಏನಾದ್ರೂ ಬೇಕಾದ್ರೆ ಮಾತ್ರ ಮಾಡ್ತೀವಿ. ಉಳಿದದ್ದು... ಉಳಿದದ್ದಾದ್ರೆ..." ಗೇಟಿನ ಸರಳು ಹಿಡಿದುಕೊಂಡ. "ನಾಳೆ ನಕ್ಷತ್ರ ಮೂಡಿದ ಮೇಲೆ."

ಅರ್ಥವಾಯಿತು. ಒಂದು ದಿನದ ಕೂಸೇ ಆದರೂ ಅದರ ಜೀವಕ್ಕಾಗಿ ಶಬ್ಬಾತ್ ಮುರಿಯಬಹುದು. ಸತ್ತವನು ರಾಜನೇ ಆದರೂ ಅವನಿಗಾಗಿ ಮುರಿಯುವಂತಿಲ್ಲ. ಸುದ್ದಿ ಹೇಳಲೂ ಫೋನ್ ಮುಟ್ಟುವಂತಿಲ್ಲ. ಚಿಕ್ಕವಳಿದ್ದಾಗ ಅಪ್ಪ ಊಟದ ಮುಂದೆ ಹೇಳಿಕೊಟ್ಟ ಪಾಠ. ಆಗ ನಾನು ಕೇಳಿದ್ದೆ, ಪಾಪ ರಾಜ ಏನು ಮಾಡಬೇಕು ಹಾಗಾದರೆ? ಸಂಜೆವರೆಗೂ ಕಾಯಬೇಕು ಮಗಳೇ, ಅವನಿಗೆ ಇನ್ನೇನು ಅವಸರ, ಎಂದಿದ್ದ ಅಪ್ಪ.

"ಅಮ್ಮ ಏನಾದ್ರೂ..." ಕೇಳಿದೆ.

"ಇಲ್ಲ ಅತ್ತಿಗೆ. ಶೂಲಾ 'ಅಕ್ಕನ್ನ ಕರೀರಿ, ಹಾಳೆ ತರ್ಲಿ' ಅಂತ ಅಳ್ತಾಳೆ. ಅತ್ತೆ 'ನಾನು ಬದುಕಿರೋವರೆಗೂ ಇಲ್ಲ' ಅಂತಾರೆ."

ಸೈರನ್ ಕೂಗಿತು. ದೀಪ ಹಚ್ಚಿದೆ.

ಮಾರ್ಚ್ 23, ಶನಿವಾರ

ಬೆಳಿಗ್ಗೆ

ಫೋನ್ ಮೇಜಿನ ಮೇಲೆ. ಚಾರ್ಜ್ ತುಂಬಿದೆ. ಆದರೂ ವೈರು ಚುಚ್ಚಿಯೇ ಇಟ್ಟಿದ್ದೇನೆ.

ಫೋನ್ ಬರಲಿಲ್ಲ ಎಂದರೆ ಏನೂ ಆಗಿಲ್ಲ ಎಂದೂ ಇರಬಹುದು. ಎಲ್ಲ ಮುಗಿದಿದೆ ಎಂದೂ ಇರಬಹುದು. ಎರಡಕ್ಕೂ ಒಂದೇ ಸದ್ದು.

ಮಧ್ಯಾಹ್ನ

ಹಾಳೆಯ ಫೋಟೋ ತೆಗೆದು ನೋಡಿದೆ, ಯಾವ ಸಾಲು ಹೋಯಿತು ಎಂದು. ಬಟ್ಟೆಗೆ ಅಂಟಿ ಹೋದದ್ದು ಬಿದ್ದುಹೋದ ಪಿಂಡದ ಸಾಲು. ಬೆಳಕು ಕಾಣದ ಕೂಸುಗಳ ಸಾಲು. ಅದೊಂದೇ. ಮೇಲಿನದೂ ಇದೆ, ಕೆಳಗಿನದೂ ಇದೆ.

ಎದ್ದು ನಿಂತುಬಿಟ್ಟೆ. ನೋಡಿದೆಯಾ ಅಮ್ಮ, ಆ ಸಾಲೇ ಹೋಗಿದೆ! ಎಂದು ಖಾಲಿ ಮನೆಯಲ್ಲಿ ಗಟ್ಟಿಯಾಗಿ ಕೂಗಿದೆ. ನಾನು. ಲೆನ್ಸ್ ಹಿಡಿದು ಊರಿಗೆಲ್ಲ ಬುದ್ಧಿ ಹೇಳುವವಳು. ತೇವ ಹೆಚ್ಚಾದ ಕಡೆ ಮಸಿ ಏಳುತ್ತದೆ, ಬೇರೆ ಏನೂ ಇಲ್ಲ ಅದರಲ್ಲಿ. ಗೊತ್ತು. ಗೊತ್ತಿದ್ದೂ ಆ ಖಾಲಿ ಜಾಗವನ್ನೇ ನೋಡುತ್ತ ಕೂತೆ. ಏನೋ ಒಂದು ಹಿಡಿದುಕೊಳ್ಳಲು ಬೇಕು ನನಗೂ.

ಯಿಗಾಲ್‌ನ ಅತ್ತೆಗೆ ಹೇಳಬೇಕಾದದ್ದು ಹೀಗೆ ಶುರುವಾಗಬೇಕೇನೋ: ಹಾಳೆಯನ್ನು ಓದಿದವರಿಗಿಂತ ಓದದೆ ಹಿಡಿದುಕೊಂಡವರೇ ಹೆಚ್ಚು. ಅವರು ಹಿಡಿದುಕೊಂಡದ್ದರಿಂದಲೇ ಅದು ನಮ್ಮವರೆಗೆ ಬಂದಿದೆ. ಅಮ್ಮ ಮಾತಾಡಿದರೆ ಅವಳಿಗೆ ಇದನ್ನು ಓದಿ ಹೇಳುತ್ತೇನೆ.

ನಾಲ್ಕೂವರೆ

ಬಿಸಿಲು ಎದುರು ಮನೆಯ ಗೋಡೆಯ ಅರ್ಧಕ್ಕೆ ಏರಿದೆ. ಅದು ತಾರಸಿಯ ನೀರಿನ ಟ್ಯಾಂಕು ಬಿಟ್ಟರೆ ಸೂರ್ಯ ಮುಳುಗಿದ ಹಾಗೆ. ಆಮೇಲೆ ಸ್ವಲ್ಪ ಹೊತ್ತಿಗೆ ನಕ್ಷತ್ರ. ನಕ್ಷತ್ರ ಬಂದ ಮೇಲೆ ಬರುವ ಫೋನ್ ನನಗೆ ಬೇಡ. ಅದಕ್ಕೆ ಮುಂಚೆ ಬಂದರೆ ಮಗು ಇನ್ನೂ ಇದೆ ಎಂದು ಅರ್ಥ. ಕತ್ತಲಾಗುವುದೇ ಬೇಡ. ಹಾಳೆಯವನು ಹಗಲಿಗೆ ಕತ್ತಲು ಬೇಡಿಕೊಂಡ, ನಾನು ಬೇಡಿಕೊಳ್ಳುವುದು ಉಲ್ಟಾ.

ಹಾಳೆಯನ್ನು ರಟ್ಟಿನಲ್ಲಿ ಕಟ್ಟಿ ಬ್ಯಾಗಿಗೆ ಹಾಕಿದೆ. ಕೋಟು, ಶೂ ಹಾಕಿಕೊಂಡು ಕೂತಿದ್ದೇನೆ. ಫಾಯಿನಾ ಕೆಳಗೆ ಕಾರಿನಲ್ಲಿ ಇದ್ದಾರೆ. ಬನ್ನಿ ಎಂದು ನಾನು ಕರೆಯಲಿಲ್ಲ.

ಐದೂಕಾಲು

ಗೋಡೆ ಬಿಟ್ಟಿತು. ಟ್ಯಾಂಕಿನ ಮೇಲೆ ಮಾತ್ರ.

ಕೆಳಗಿನ ಮನೆಯವರು ಶಬ್ಬಾತ್‌ನ ಕೊನೆಯ ಊಟದ ಹಾಡು ಹಾಡುತ್ತಿದ್ದಾರೆ. ನಿಧಾನವಾಗಿ ಹಾಡಿ ಮಾರಾಯರೇ, ಇನ್ನೂ ನಿಧಾನ

ಫೋನ್.

'ಅಮ್ಮ' ಎಂದು ಬರುತ್ತಿದೆ. ಟ್ಯಾಂಕಿನ ಮೇಲೆ ಇನ್ನೂ ಬಿಸಿಲಿದೆ. ಇದೆ, ಮತ್ತೆ ನೋಡಿದೆ, ಬಿಸಿಲು ಇ